ಓಷಿಯಾನೊ ಮರಳುದಿಬ್ಬಗಳಲ್ಲಿ ಗಾಡಿ ಓಡಾಟ: ಬೇಲಿ ಎಲ್ಲಿ ಹಾಕಬೇಕು?

ಬೈಂದೂರಿನವ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾಕ್ಕೆ ಬಂದು ಹದಿನೇಳು ವರ್ಷವಾಯಿತು. ಬೇ ಏರಿಯಾದ ನಾಲ್ಕೈದು ಕನ್ನಡ ಕುಟುಂಬಗಳು ಸೇರಿ ಮೇ ತಿಂಗಳ ಕೊನೆಯ ಉದ್ದ ವಾರಾಂತ್ಯಕ್ಕೆ ಪಿಸ್ಮೊ ಬೀಚ್ ಪಕ್ಕದ ಓಷಿಯಾನೊ ದಿಬ್ಬಗಳಿಗೆ ಹೋಗಿ ಎರಡು ರಾತ್ರಿ ಡೇರೆ ಹಾಕಿಕೊಂಡಿರುವುದು ನಮ್ಮ ಹಳೆಯ ರೂಢಿ. ಕ್ಯಾಲಿಫೋರ್ನಿಯಾದ ಸರ್ಕಾರಿ ಉದ್ಯಾನಗಳ ಪೈಕಿ ಕಡಲ ಮರಳಿನ ಮೇಲೆ ಸಾರ್ವಜನಿಕರು ಕಾರು ಓಡಿಸಬಹುದಾದ ಜಾಗ ಇದೊಂದೇ. ಗ್ರೋವರ್ ಬೀಚ್‌ನ ಗ್ರ್ಯಾಂಡ್ ಅವೆನ್ಯೂ ಕೊನೆಯಲ್ಲಿ ಡಾಂಬರು ಮುಗಿದ ಕೂಡಲೇ ಚಕ್ರ ಒದ್ದೆ ಮರಳಿಗೆ ಇಳಿಯುತ್ತದೆ. ಎಡಕ್ಕೆ ತಿರುಗಿ ಗಂಟೆಗೆ 15 ಮೈಲಿ ವೇಗದಲ್ಲಿ ಅಲೆಯ ಅಂಚಿನಲ್ಲೇ ಹೋಗಬೇಕು. ಮರಳಿನಲ್ಲಿ ಗುರುತಿಗೆ ನೆಟ್ಟ ಎರಡನೇ ಕಂಬ ದಾಟಿದ ಮೇಲೆಯೇ ಟ್ರೈಲರ್‌ನಿಂದ ನಾಲ್ಕು ಚಕ್ರದ ಬೈಕುಗಳನ್ನು ಇಳಿಸಲು ಅನುಮತಿ. ಅಲ್ಲಿಂದಾಚೆ ದಿಬ್ಬಗಳ ಸಾಲು.

ಆ ದಿಬ್ಬಗಳ ನೆತ್ತಿಯಿಂದ ಕೆಳಗಿಳಿಯುವಾಗ ಆಗುವ ಸಂತೋಷವನ್ನು ಮುಚ್ಚಿಡುವುದಿಲ್ಲ. ನನ್ನ ಮಗಳು ಮೊದಲ ಸಲ ದೊಡ್ಡ ಅಲೆ ಕಂಡದ್ದು ಅಲ್ಲೇ. ಅವಳ ಅಜ್ಜ ಊರಿನಿಂದ ಬಂದಾಗ ಕಾಲು ನೋವಿನಿಂದಾಗಿ ಯಾವ ಬೀಚಿನಲ್ಲೂ ನೀರಿನ ತನಕ ನಡೆಯಲಾಗಿರಲಿಲ್ಲ. ಓಷಿಯಾನೊದಲ್ಲಿ ಮಾತ್ರ ಕಾರಿನ ಬಾಗಿಲು ತೆಗೆದು ಕಾಲನ್ನು ಪೆಸಿಫಿಕ್ ನೀರಿನಲ್ಲಿ ಇಟ್ಟುಕೊಂಡು ಕುಳಿತಿದ್ದರು.

ಈ ವರ್ಷ ಒಂದು ಘಟನೆ ನಡೆಯಿತು. ದಕ್ಷಿಣ ತುದಿಯಲ್ಲಿ ಹಕ್ಕಿಗಳಿಗಾಗಿ ಹಾಕಿದ ಬೇಲಿಯ ಬಳಿ ಚಹಾ ಮಾಡಿಕೊಳ್ಳುತ್ತಿದ್ದೆವು. ಬೇಲಿಯ ನಮ್ಮ ಬದಿಯಲ್ಲೇ, ನಮ್ಮ ಗಾಡಿಯ ಚಕ್ರ ಹಾಯ್ದು ಆಗಿದ್ದ ಹಳ್ಳದಲ್ಲಿ, ಮಗಳಿಗೆ ಏನೋ ಕದಲಿದಂತೆ ಕಂಡಿತು. ಹತ್ತಿ ಉಂಡೆಗೆ ಎರಡು ಕಡ್ಡಿ ಚುಚ್ಚಿದಂತಿದ್ದ ಒಂದು ಮರಿ. ಗಾಳಿಗೆ ಬೆನ್ನು ಕೊಟ್ಟು ಆ ಹಳ್ಳದಲ್ಲಿ ಕುಳಿತಿತ್ತು. ಉದ್ಯಾನದ ಸಿಬ್ಬಂದಿಗೆ ಹೇಳಿದೆವು. ಅವರು ಬಂದು ನಮ್ಮನ್ನು ದೂರ ಸರಿಸಿ, ಅದು ತಾನಾಗಿ ಒಳಗೆ ಹೋಗುವ ತನಕ ಕಾದು ನಿಂತರು. ಮನೆಗೆ ಮರಳುವ ದಾರಿಯಲ್ಲಿ ಮಗಳು ಕೇಳಿದ್ದು ಇಷ್ಟೇ: “ನಾವು ಬರುವ ಮೊದಲು ಅದು ಎಲ್ಲಿ ಕುಳಿತುಕೊಳ್ಳುತ್ತಿತ್ತು?”

ನನಗೆ ಉತ್ತರ ಹೊಳೆಯಲಿಲ್ಲ. ಈಗ ಇಲ್ಲಿ ಕೇಳುತ್ತಿದ್ದೇನೆ. ಗಾಡಿಗಳಿಗೆ ಅಲ್ಲಿ ಜಾಗ ಇರಬೇಕೇ? ಇದ್ದರೆ ಎಷ್ಟು, ಯಾವ ತಿಂಗಳಲ್ಲಿ, ಎಲ್ಲಿಯ ತನಕ?

ಮರಳುಚಕ್ರ

ಮೊದಲಿಗೆ ಒಂದು ಮಾತು. ಓಷಿಯಾನೊ ಕಾನೂನಿಲ್ಲದ ಬಯಲಲ್ಲ. ನಾನು ಇಪ್ಪತ್ತು ವರ್ಷಗಳಿಂದ ಅಲ್ಲಿ ಓಡಿಸುತ್ತಿದ್ದೇನೆ. ಪ್ರತಿ ಬೈಕಿಗೆ ನೆಲದಿಂದ 8 ಅಡಿ ಎತ್ತರದ ಬಾವುಟ ಕಡ್ಡಾಯ, ದಿಬ್ಬದ ಆಚೆ ಬರುವವರಿಗೆ ಕಾಣಲೆಂದು. 1982ರಲ್ಲಿ ಕ್ಯಾಲಿಫೋರ್ನಿಯಾದ ಕರಾವಳಿ ಆಯೋಗ ಕೊಟ್ಟ ಪರವಾನಗಿಯ ಅಡಿಯಲ್ಲಿ ದಿನದ ಮಿತಿಯೂ ನಿಗದಿಯಾಗಿದೆ: ರಸ್ತೆಯ ವಾಹನ 2,580, ದಿಬ್ಬದ ವಾಹನ 1,720, ರಾತ್ರಿ ಡೇರೆಗಳು 1,000. ಉದ್ಯಾನ ಒಟ್ಟು ಸುಮಾರು 3,600 ಎಕರೆ. ಅದರಲ್ಲಿ ಗಾಡಿಗೆ ಬಿಟ್ಟದ್ದು ಮೊದಲು ಸುಮಾರು 1,500 ಎಕರೆ. ಹಕ್ಕಿಯ ಬೇಲಿ, ಧೂಳಿನ ಬೇಲಿ, ಗಿಡ ನೆಟ್ಟ ಜಾಗ ಎಂದು ಅದರಲ್ಲೂ ವರ್ಷದಿಂದ ವರ್ಷಕ್ಕೆ ನೂರಾರು ಎಕರೆ ಕೈಬಿಟ್ಟು ಹೋಯಿತು.

ಇಷ್ಟಾದ ಮೇಲೂ 2021ರ ಮಾರ್ಚ್‌ನಲ್ಲಿ ಆಯೋಗ ಮೂರು ವರ್ಷದೊಳಗೆ ದಿಬ್ಬದ ಗಾಡಿಗಳನ್ನು ಪೂರ್ತಿ ನಿಲ್ಲಿಸಬೇಕೆಂದು ಸರ್ವಾನುಮತದಿಂದ ನಿರ್ಧರಿಸಿತು. ಸವಾರರ ಸಂಘ ನ್ಯಾಯಾಲಯಕ್ಕೆ ಹೋಯಿತು. ತಾನು ಹಿಂದೆ ಕೊಟ್ಟ ಪರವಾನಗಿಯನ್ನು ಆಯೋಗ ಹೀಗೆ ಏಕಪಕ್ಷೀಯವಾಗಿ ಬದಲಿಸಲಾಗದು ಎಂದು 2023ರಲ್ಲಿ ಸ್ಯಾನ್ ಲೂಯಿಸ್ ಒಬಿಸ್ಪೊ ಕೌಂಟಿಯ ನ್ಯಾಯಾಲಯ ಹೇಳಿತು. ನಿಯಮ ಪಾಲಿಸುತ್ತಾ ಬಂದವರಿಗೆ “ನಿಮ್ಮ ಪಾಲು ಸೊನ್ನೆ” ಎಂದರೆ ಮುಂದೆ ಯಾರು ನಿಯಮ ಪಾಲಿಸುತ್ತಾರೆ? ಇದ್ದ ಒಂದು ಜಾಗ ಮುಚ್ಚಿದರೆ ಜನ ಕಾವಲಿಲ್ಲದ ಕಡೆ ಇಳಿಯುತ್ತಾರೆ. ಅಲ್ಲಿ ಬೇಲಿಯೂ ಇರುವುದಿಲ್ಲ, ಸಿಬ್ಬಂದಿಯೂ ಇರುವುದಿಲ್ಲ.

ನಿಪೋಮೊ ಮನೆಯವಳು

ನೀವಿಬ್ಬರೂ ಕಡಲ ಕಡೆಗೆ ಮುಖ ಮಾಡಿ ಮಾತಾಡುತ್ತಿದ್ದೀರಿ. ಸ್ವಲ್ಪ ಹಿಂದಕ್ಕೂ ತಿರುಗಿ ನೋಡಿ. ದಿಬ್ಬಗಳ ಪೂರ್ವಕ್ಕೆ, ಗಾಳಿ ಬೀಸುವ ದಿಕ್ಕಿನಲ್ಲೇ, ನಿಪೋಮೊ ಮೇಸಾ ಎಂಬ ಎತ್ತರದ ಬಯಲಿದೆ. ನಮ್ಮ ಮನೆ ಅಲ್ಲಿದೆ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ವಾಯವ್ಯದಿಂದ ಗಾಳಿ ಎದ್ದರೆ ಎರಡು ಗಂಟೆಯ ಹೊತ್ತಿಗೆ ಆಕಾಶ ಹಾಲು ಕಲಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಬೆಳಗ್ಗೆ ಒರೆಸಿದ ಕಿಟಕಿಯ ಕಟ್ಟೆಯ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದು. ಶಿವಮೊಗ್ಗದಿಂದ ಬಂದಿದ್ದ ನನ್ನ ಅಮ್ಮ ಆ ಎರಡು ತಿಂಗಳು ಅಂಗಳಕ್ಕೆ ಕಾಲಿಡಲಿಲ್ಲ. ಅವರ ಉಬ್ಬಸಕ್ಕೆ ಇದೇ ಕಾರಣವೆಂದು ಯಾವ ವೈದ್ಯರೂ ಬರೆದುಕೊಟ್ಟಿಲ್ಲ, ನಾನೂ ಹಾಗೆ ಹೇಳುವುದಿಲ್ಲ. ಆದರೆ ಗಾಳಿಯ ಲೆಕ್ಕ ಸರ್ಕಾರದ ಉಪಕರಣಗಳಲ್ಲೇ ಇದೆ. ಹತ್ತು ಮೈಕ್ರಾನ್‌ಗಿಂತ ಸಣ್ಣ ಕಣಗಳಿಗೆ ಕ್ಯಾಲಿಫೋರ್ನಿಯಾದ 24 ಗಂಟೆಯ ಮಿತಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೊಗ್ರಾಂ. ಬಿರುಗಾಳಿಯ ದಿನಗಳಲ್ಲಿ ನಮ್ಮಲ್ಲಿ ಅದು ಮೀರುವುದು ಹೊಸ ಸುದ್ದಿಯಲ್ಲ. ಆದ್ದರಿಂದಲೇ 2011ರಲ್ಲಿ ಕೌಂಟಿಯ ವಾಯುಮಾಲಿನ್ಯ ಮಂಡಳಿ ಈ ಉದ್ಯಾನಕ್ಕಾಗಿಯೇ ಪ್ರತ್ಯೇಕ ಧೂಳಿನ ನಿಯಮ ತಂದಿತು. 2018ರಲ್ಲಿ ಧೂಳನ್ನು ಅರ್ಧಕ್ಕೆ ಇಳಿಸುವ ಗುರಿಯೊಂದಿಗೆ ಕಟ್ಟುನಿಟ್ಟಿನ ಆದೇಶವೂ ಬಂತು.

ಮರಳುಚಕ್ರ ಅವರೇ, ನಿಮ್ಮ ಎಕರೆಗಳು ಕಡಿಮೆಯಾದದ್ದು ನಿಮ್ಮ ಮೇಲಿನ ದ್ವೇಷದಿಂದಲೋ ಹಕ್ಕಿಯ ಮೇಲಿನ ಮೋಹದಿಂದಲೋ ಮಾತ್ರ ಅಲ್ಲ. ಅದರಲ್ಲಿ ಒಂದು ಪಾಲು ನಾವು ಉಸಿರಾಡಲೆಂದು.

ಮರಳುಚಕ್ರ

ನಿಮ್ಮ ಅಮ್ಮನ ವಿಷಯ ಓದಿ ಮನಸ್ಸಿಗೆ ನೋವಾಯಿತು. ಆದರೆ ನನ್ನ ಅನುಮಾನ ಹೇಳಿಬಿಡುತ್ತೇನೆ. ಈ ದಿಬ್ಬಗಳು ಸಾವಿರಾರು ವರ್ಷಗಳಿಂದ ಗಾಳಿಗೆ ಹಾರುತ್ತಲೇ ಇವೆ. ಹಾರದಿದ್ದರೆ ಅವು ದಿಬ್ಬಗಳೇ ಆಗುತ್ತಿರಲಿಲ್ಲ. ನಾವು ಯಾರೂ ಗಾಡಿ ತೆಗೆಯದ ದಿನವೂ ಗಾಳಿ ಬಂದರೆ ಧೂಳು ಏಳುತ್ತದೆ. ಹಾಗಿದ್ದ ಮೇಲೆ ಚಕ್ರದ ಪಾಲು ಎಷ್ಟು ಎಂದು ಹೇಗೆ ಬೇರ್ಪಡಿಸುತ್ತೀರಿ?

ಗಾಳಿಯ ಮೇಷ್ಟ್ರು

ನಾನು ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವನು, ಈಗ ಸ್ಯಾಂಟಾ ಮರಿಯಾದಲ್ಲಿ ಮಗನ ಮನೆಯಲ್ಲಿದ್ದೇನೆ. ಮರಳುಚಕ್ರ ಅವರ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ನಿಧಾನವಾಗಿ ಉತ್ತರಿಸಬೇಕು.

ಮರಳಿನ ಕಾಳು ಗಾಳಿಯಲ್ಲಿ ಹಾರುವುದಿಲ್ಲ, ಜಿಗಿಯುತ್ತದೆ. ಗಾಳಿ ಒಂದು ವೇಗ ದಾಟಿದ ಮೇಲೆ ಕಾಳು ಮೇಲಕ್ಕೆದ್ದು, ಸ್ವಲ್ಪ ಮುಂದೆ ಬಿದ್ದು, ಬಿದ್ದ ಪೆಟ್ಟಿಗೆ ಇನ್ನಷ್ಟು ಕಾಳುಗಳನ್ನು ಎಬ್ಬಿಸುತ್ತದೆ. ಗಾಳಿಯ ದಿನ ಮೊಣಕಾಲಿನ ಕೆಳಗೆ ಚುಚ್ಚುವುದು ಇದೇ. ಈ ಪೆಟ್ಟಿನಲ್ಲಿ ಕಾಳುಗಳಿಗೆ ಅಂಟಿಕೊಂಡ ಸಣ್ಣ ಹುಡಿ ಬಿಡಿಸಿಕೊಂಡು ಮೇಲೇರುತ್ತದೆ. ಮರಳು ದಿಬ್ಬದಲ್ಲೇ ಉಳಿಯುತ್ತದೆ, ಹುಡಿ ಮೈಲಿಗಟ್ಟಲೆ ಹೋಗಿ ನಿಪೋಮೊದ ಕಿಟಕಿಯ ಮೇಲೆ ಕೂರುತ್ತದೆ. ಹಾಗಾಗಿ ಲೆಕ್ಕಕ್ಕೆ ಬರುವುದು ಚಕ್ರ ಎಬ್ಬಿಸುವ ಮರಳಾಗಲಿ ಹೊಗೆ ಕೊಳವೆಯಾಗಲಿ ಅಲ್ಲ. ಗಾಡಿ ಮನೆಗೆ ಹೋದ ಮೇಲೂ ನೆಲ ಯಾವ ಸ್ಥಿತಿಯಲ್ಲಿ ಉಳಿದಿದೆ ಎಂಬುದನ್ನು ನೋಡಬೇಕು. ಅದನ್ನು ಅಳೆಯುವ ದಾರಿಯೂ ಇದೆ. ನೆಲದ ಮೇಲೆ ಡಬ್ಬಿಯಂಥ ಉಪಕರಣ ಬೋರಲು ಹಾಕಿ ಒಳಗೆ ಗಾಳಿಯನ್ನು ಬೇಕಾದ ವೇಗದಲ್ಲಿ ತಿರುಗಿಸಿ, ಎಷ್ಟು ಧೂಳು ಏಳುತ್ತದೆಂದು ನೋಡುತ್ತಾರೆ. ಗಾಳಿ ಅಷ್ಟೇ ಇದ್ದರೂ ಗಾಡಿ ಓಡುವ ಮರಳು, ಓಡದ ಮರಳಿಗಿಂತ ಹೆಚ್ಚು ಧೂಳು ಬಿಡುತ್ತದೆ. ಅದನ್ನು ಹಲವು ಬಾರಿ ಅಳೆದು ನೋಡಿದ್ದಾರೆ. ದಿಬ್ಬಕ್ಕೆ ಅದರದೇ ಧೂಳೂ ಇದೆ. ಎರಡೂ ನಿಜ.

ಇದಕ್ಕಿಂತ ದೊಡ್ಡ ವಿಷಯ ಮುಂದಿನ ದಿಬ್ಬದ್ದು. ನೀರಿನ ಅಂಚಿಗೆ ಮೊದಲು ಸಿಗುವ, ಸೊಂಟದೆತ್ತರದ, ಅಲ್ಲಲ್ಲಿ ಗಿಡ ಹಿಡಿದ ಸಾಲು ಅದು. ಗಿಡದ ಬುಡದಲ್ಲಿ ಗಾಳಿ ಸೋಲುತ್ತದೆ, ಸೋತಲ್ಲಿ ಮರಳು ಬೀಳುತ್ತದೆ, ಬಿದ್ದ ಮರಳಿನ ಮೇಲೆ ಗಿಡ ಇನ್ನಷ್ಟು ಹಬ್ಬುತ್ತದೆ. ಈ ಸಾಲು ಇದ್ದರೆ ಹಿಂದಿನ ದೊಡ್ಡ ದಿಬ್ಬಗಳಿಗೆ ತಾಗುವ ಗಾಳಿಯ ಜೋರು ಕಡಿಮೆ. ದಶಕಗಳ ಓಡಾಟದಲ್ಲಿ ಡೇರೆ ಹಾಕುವ ಕಡೆಯಲ್ಲೆಲ್ಲ ಈ ಸಾಲು ಸವೆದು ಚಪ್ಪಟೆಯಾಗಿತ್ತು. ಧೂಳಿನ ಆದೇಶದ ನಂತರ 48 ಎಕರೆಯಷ್ಟು ಬೇಲಿ ಹಾಕಿ, ಅಲ್ಲಿಯದೇ ಗಿಡಗಳ ಬೀಜ ಮತ್ತು ಸಸಿ ಹಾಕಿ, ಹುಲ್ಲು ಹೊದಿಸಿ ಮುಂದಿನ ದಿಬ್ಬವನ್ನು ಮತ್ತೆ ಎಬ್ಬಿಸಲು ಹೊರಟರು. ನಾನು ವರ್ಷಕ್ಕೆರಡು ಸಲ ಬೇಲಿಯ ಹೊರಗೆ ನಿಂತು ನೋಡಿ ಬರುತ್ತೇನೆ. ಒಂದು ಗಿಡದ ಹಿಂದೆ ಬಾಲದ ಹಾಗೆ ಗೇಣುದ್ದ ಮರಳು ಕೂತಿರುತ್ತದೆ. ಮುಂದಿನ ಸಲ ಅದು ಮೊಳವಾಗಿರುತ್ತದೆ. ಅಲ್ಲಿ ಯಂತ್ರವಿಲ್ಲ, ಕೂಲಿಯಾಳಿಲ್ಲ, ಗಾಳಿಯೇ ಕಟ್ಟುತ್ತಿದೆ.

ಹಸಿರು ಕಂಡಲ್ಲೆಲ್ಲ ಒಳ್ಳೆಯದೆಂದು ತಿಳಿಯಬಾರದು. ಹಿಂದೆ ಮರಳು ನಿಲ್ಲಿಸಲೆಂದು ಪೆಸಿಫಿಕ್ ಕರಾವಳಿಯುದ್ದಕ್ಕೂ ಯುರೋಪಿನ ಬೀಚ್ ಹುಲ್ಲನ್ನು ನೆಟ್ಟರು. ಅದು ಗೋಡೆಯಂತೆ ಕಡಿದಾದ ದಿಬ್ಬ ಕಟ್ಟಿ ಸ್ಥಳೀಯ ಗಿಡಗಳನ್ನು ನುಂಗಿತು, ಬಯಲು ಮರಳು ಬೇಕಾದ ಹಕ್ಕಿಗಳಿಗೆ ಜಾಗವಿಲ್ಲದಂತೆ ಮಾಡಿತು. ಈಗ ಅದನ್ನು ಕೀಳಲು ಹಣ ಸುರಿಯುತ್ತಿದ್ದಾರೆ.

ಹಕ್ಕಿಲೆಕ್ಕ

ಬೈಂದೂರಿನವರ ಮಗಳು ಕಂಡದ್ದು ಸ್ನೋಯಿ ಪ್ಲವರ್ ಮರಿ ಇರಬೇಕು. ನಾನು ಬೇರೆ ಬೀಚೊಂದರಲ್ಲಿ ಸ್ವಯಂಸೇವಕಿಯಾಗಿ ಐದು ಋತು ಈ ಹಕ್ಕಿಯನ್ನು ಕಾದಿದ್ದೇನೆ. ದೊಡ್ಡ ಹಕ್ಕಿಯ ತೂಕವೇ 40 ಗ್ರಾಂ ಆಸುಪಾಸು, ಗುಬ್ಬಿಗಿಂತ ಸ್ವಲ್ಪ ಹೆಚ್ಚು. ಗೂಡೆಂದರೆ ಮರಳಿನಲ್ಲಿ ಎದೆಯಿಂದ ಒತ್ತಿ ಮಾಡಿದ ತಟ್ಟೆಯಷ್ಟು ತಗ್ಗು, ಅದರಲ್ಲಿ ಮರಳಿನದೇ ಬಣ್ಣದ, ಕರಿ ಚುಕ್ಕೆಯ ಮೂರು ಮೊಟ್ಟೆ. ನಾಲ್ಕು ವಾರ ಕಾವು. ಮರಿ ಮೊಟ್ಟೆಯಿಂದ ಹೊರಬಂದ ಕೆಲವೇ ಗಂಟೆಗಳಲ್ಲಿ ನಡೆದು ಹೊರಟುಬಿಡುತ್ತದೆ, ತನ್ನ ಹುಳ ತಾನೇ ಹುಡುಕುತ್ತದೆ. ಆದರೆ ಹಾರಲು ಇನ್ನೂ ಒಂದು ತಿಂಗಳು ಬೇಕು. ಈ ಒಂದು ತಿಂಗಳೇ ಗಂಡಾಂತರ. ಮರಿಗೆ ಬೇಲಿ ಕಟ್ಟಿದ್ದು ಯಾರಿಗೆಂದು ತಿಳಿಯುವುದಿಲ್ಲ. ಹುಳ ಇರುವುದು ನೀರಿನಂಚಿನ ಕಡಲಪಾಚಿಯಲ್ಲಿ. ಗಾಳಿ ಬಿರುಸಾದರೆ ಹೆಜ್ಜೆ ಗುರುತಿನಲ್ಲೋ ಚಕ್ರದ ಹಳ್ಳದಲ್ಲೋ ಅಡಗುತ್ತದೆ. ಅಪಾಯ ಬಂದರೆ ಓಡುವುದಿಲ್ಲ, ನೆಲಕ್ಕೆ ಅಂಟಿ ಕೂರುತ್ತದೆ. ನರಿಗೆ ಆ ಉಪಾಯ ಸಾಕು, ಚಕ್ರಕ್ಕೆ ಸಾಲದು.

ಮರಳುಚಕ್ರ ಅವರ ಮಾತಿನಲ್ಲಿ ಒಂದು ಭಾಗ ಒಪ್ಪುತ್ತೇನೆ. ಪ್ರತಿ ವರ್ಷ ಮಾರ್ಚ್ 1ರಿಂದ ಸೆಪ್ಟೆಂಬರ್ 30ರ ತನಕ ದಕ್ಷಿಣದಲ್ಲಿ ಸುಮಾರು 300 ಎಕರೆ ಬೇಲಿ ಹಾಕಿ ಕಾಯುವುದರಿಂದ ಓಷಿಯಾನೊದಲ್ಲಿ ಪ್ಲವರ್ ಗೂಡುಗಳು ನಿಜವಾಗಿಯೂ ಹೆಚ್ಚಾದವು. ಕಾವಲಿಲ್ಲದ ಎಷ್ಟೋ ಬೀಚುಗಳಿಗಿಂತ ಅಲ್ಲಿ ಹೆಚ್ಚು ಮರಿಗಳು ಬದುಕುತ್ತವೆ. ಉದ್ಯಾನದ ಸಿಬ್ಬಂದಿಯ ದುಡಿಮೆಗೆ ಇದು ಸಲ್ಲಬೇಕು. ಆದರೆ ಅಕ್ಟೋಬರ್‌ನಲ್ಲಿ ಬೇಲಿ ತೆಗೆದು ಐದು ತಿಂಗಳು ಅದೇ ಜಾಗದಲ್ಲಿ ಗಾಡಿ ಓಡಿಸಿದರೆ ಮಾರ್ಚ್‌ನಲ್ಲಿ ಹಕ್ಕಿಗೆ ಸಿಗುವುದು ಬೋಳು ನೆಲ. ಕಡಲಪಾಚಿಯಿಲ್ಲ, ಕಟ್ಟಿಗೆಯಿಲ್ಲ, ಗಿಡದ ಮರೆಯಿಲ್ಲ. ಪ್ರತಿ ಋತುವಿಗೂ ಸಿಬ್ಬಂದಿಯೇ ಮರದ ತುಂಡು, ಪಾಚಿ ಹರಡಿ ನೆಲವನ್ನು ಮತ್ತೆ ಸಿದ್ಧಪಡಿಸಬೇಕಾಗುತ್ತದೆ.

2020 ನೆನಪಿದೆಯೇ? ಸಾಂಕ್ರಾಮಿಕದಿಂದಾಗಿ ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ವಾಹನಗಳಿಗೆ ಉದ್ಯಾನ ಮುಚ್ಚಿತ್ತು. ಆ ಬೇಸಿಗೆಯಲ್ಲಿ ಪ್ಲವರ್‌ಗಳು ಬೇಲಿಯ ಹೊರಗೆ, ಎಂದಿನ ಸವಾರಿಯ ಜಾಗದಲ್ಲೇ ಗೂಡು ಮಾಡತೊಡಗಿದವು. “ನಾವು ಬರುವ ಮೊದಲು ಅದು ಎಲ್ಲಿ ಕುಳಿತುಕೊಳ್ಳುತ್ತಿತ್ತು” ಎಂದು ಕೇಳಿದ ಮಗುವಿಗೆ ಇದನ್ನು ಹೇಳಿ.

ದೋಹಾದಿಂದ

ನಾವು ಕತಾರ್‌ನಲ್ಲಿರುವ ಕನ್ನಡಿಗರು ಚಳಿಗಾಲದ ಶುಕ್ರವಾರಗಳಲ್ಲಿ ಟೈರಿನ ಗಾಳಿ ಇಳಿಸಿಕೊಂಡು ಸೀಲೈನ್ ದಾಟಿ ಖೋರ್ ಅಲ್ ಅದೈದ್ ಕಡೆಗೆ ಹೋಗುವುದು ಸಾಮಾನ್ಯ. ಅಲ್ಲಿ ದಿಬ್ಬಗಳು ನೇರವಾಗಿ ಕಡಲೊಳಗೆ ಇಳಿಯುತ್ತವೆ. 2007ರಿಂದ ಅದು ಸಂರಕ್ಷಿತ ಪ್ರದೇಶ. ಬೋಳು ದಿಬ್ಬದ ಮೇಲಿನ ಓಡಾಟಕ್ಕೆ ಇಲ್ಲಿ ಅಷ್ಟು ಅಡ್ಡಿಯಿಲ್ಲ. ಆದರೆ ಮಳೆ ಬಿದ್ದು ಹಸಿರಾಗುವ, ರೌದ ಎಂಬ ತಗ್ಗು ಬಯಲುಗಳಲ್ಲಿ ಚಕ್ರ ಇಳಿಸಿದರೆ ಪರಿಸರ ಸಚಿವಾಲಯ ಪ್ರಕರಣ ದಾಖಲಿಸುತ್ತದೆ. ಉತ್ತರದ ಫುವೈರಿತ್ ಬೀಚನ್ನು ಹಾಕ್ಸ್‌ಬಿಲ್ ಆಮೆಗಳ ಸಲುವಾಗಿ ಏಪ್ರಿಲ್‌ನಿಂದ ಜುಲೈ ತನಕ ಜನರಿಗೇ ಮುಚ್ಚುತ್ತಾರೆ. ಮೊದಲ ವರ್ಷ ನನಗೂ ಸಿಟ್ಟು ಬಂದಿತ್ತು. ಈಗ ಆ ನಾಲ್ಕು ತಿಂಗಳು ಬೇರೆ ಕಡೆ ಹೋಗುತ್ತೇವೆ, ಅಷ್ಟೇ.

ಹೊಯಿಗೆದಡ

ಬಹಳ ದಿನಗಳಿಂದ ಓದುತ್ತಿದ್ದೆ, ಬರೆದಿರಲಿಲ್ಲ. ನಾನು ಕುಂದಾಪುರದ ಕಡೆಯವಳು. ನಮ್ಮ ಮನೆಯ ಹಿತ್ತಿಲು ಮುಗಿದಲ್ಲಿ ಗಾಳಿಮರದ ಸಾಲು, ಅದು ಮುಗಿದಲ್ಲಿ ಹೊಯಿಗೆ ದಿಬ್ಬ, ಅದರಾಚೆ ಕಡಲು. ನಮ್ಮ ದಿಬ್ಬ ಓಷಿಯಾನೊದಷ್ಟು ದೊಡ್ಡದಲ್ಲ, ಆಳೆತ್ತರ ಇದ್ದರೆ ಹೆಚ್ಚು. ಆದರೆ ಮೇಷ್ಟ್ರು ಹೇಳಿದ ಕೆಲಸವನ್ನು ಅದೂ ಮಾಡುತ್ತದೆ. ಮುಂದಿನ ಸಾಲಿನಲ್ಲಿ ಅಡುಂಬು ಬಳ್ಳಿ, ಆಡಿನ ಗೊರಸಿನ ಆಕಾರದ ಎಲೆ, ನೇರಳೆ ಹೂವು. ಅದರ ನಡುವೆ ಮುಳ್ಳಿನ ಚೆಂಡಿನಂಥ ತೆನೆಯ ರಾವಣನ ಮೀಸೆ. ಚಿಕ್ಕಂದಿನಲ್ಲಿ ಆ ಚೆಂಡು ಗಾಳಿಗೆ ಉರುಳುವುದರ ಹಿಂದೆ ಓಡಿದವರು ನಾವು. ಮಳೆಗಾಲದಲ್ಲಿ ಕಡಲು ದಿಬ್ಬದ ಕಾಲನ್ನು ತಿನ್ನುತ್ತದೆ, ದೀಪಾವಳಿ ಕಳೆದ ಮೇಲೆ ಮೆಲ್ಲಗೆ ವಾಪಸು ಕೊಡುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವುದು ಅಡುಂಬು.

ಮೂರು ವರ್ಷಗಳಿಂದ ವಾರಾಂತ್ಯಕ್ಕೆ ದೊಡ್ಡ ಚಕ್ರದ ಜೀಪುಗಳು ಬರುತ್ತಿವೆ. ಮೀನುಗಾರಿಕೆ ರಸ್ತೆಯ ಕೊನೆಯಿಂದ ದಿಬ್ಬ ಹತ್ತಿಸಿ ಬೀಚಿಗೆ ಇಳಿಸುತ್ತಾರೆ. ಒಂದು ಜೀಪು ಎಲ್ಲಿ ಹತ್ತಿತೋ ಅಲ್ಲೇ ಹತ್ತನೆಯದೂ ಹತ್ತುತ್ತದೆ. ಮೊದಲು ಬಳ್ಳಿ ಹರಿಯುತ್ತದೆ, ಆಮೇಲೆ ಬೇರು ಕಾಣುತ್ತದೆ, ಆಮೇಲೆ ಆ ಜಾಗ ಗಾಳಿಗೆ ಬಾಗಿಲು. ಕಳೆದ ಆಷಾಢದಲ್ಲಿ ಕಡಲು ಒಳಗೆ ನುಗ್ಗಿದ್ದು ಸರಿಯಾಗಿ ಆ ಗಂಡಿಯಿಂದಲೇ. ಪಕ್ಕದ ಮನೆಯ ಬಾವಿ ಉಪ್ಪಾಯಿತು.

ಫೆಬ್ರವರಿಯ ಒಂದು ಬೆಳಗ್ಗೆ ನಡೆದದ್ದನ್ನು ಹೇಳಬೇಕು. ನಮ್ಮಲ್ಲಿ ಡಿಸೆಂಬರ್‌ನಿಂದ ಮಾರ್ಚ್ ತನಕ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ, ಆಲಿವ್ ರಿಡ್ಲಿ ಜಾತಿ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು ಐವತ್ತು ದಿನದ ಹಾಗೆ. ನಮ್ಮ ಮಾವ ಗುರುತು ಹಾಕಿ ಅರಣ್ಯ ಇಲಾಖೆಗೆ ತಿಳಿಸಿದ್ದ ಗೂಡೊಂದಿತ್ತು, ಸುತ್ತ ಬಲೆ ಕಟ್ಟಿದ್ದರು. ಅದು ಸುರಕ್ಷಿತವಾಗಿಯೇ ಇತ್ತು. ಯಾರಿಗೂ ಗೊತ್ತಿಲ್ಲದ ಇನ್ನೊಂದು ಗೂಡು ರಾತ್ರಿ ಒಡೆದಿತ್ತು. ಬೆಳಕು ಹರಿಯುವಾಗ ನೋಡಿದರೆ ಮರಿಗಳು ಜೀಪಿನ ಚಕ್ರದ ಹಳ್ಳದೊಳಗೆ ಸಾಲಾಗಿ ಹೋಗುತ್ತಿವೆ. ಕಡಲು ಇಪ್ಪತ್ತು ಹೆಜ್ಜೆ ಆಚೆಗಿದೆ, ಅವು ಕಡಲಿಗೆ ಸಮಾನಾಂತರವಾಗಿ ಉತ್ತರಕ್ಕೆ ನಡೆಯುತ್ತಿವೆ. ಹಳ್ಳದ ಗೋಡೆ ಒಂದು ಗೇಣು. ಮರಿ ನನ್ನ ಹೆಬ್ಬೆರಳಿನಷ್ಟು. ಹತ್ತಲು ಹೋಗಿ ಮಗುಚಿ ಬೀಳುತ್ತವೆ, ಮತ್ತೆ ಹಳ್ಳ ಹಿಡಿದು ನಡೆಯುತ್ತವೆ. ಕಾಗೆಗಳು ಆಗಲೇ ಬಂದಿದ್ದವು. ನಾನು, ಅತ್ತೆ, ಕೈರಂಪಣಿ ಬಲೆ ಎಳೆಯಲು ಬಂದ ನಾಲ್ಕು ಜನ ಸೇರಿ ಅಂಗೈಯಿಂದ ಹಳ್ಳದ ಗೋಡೆ ಕೆಡವುತ್ತಾ ಹೋದೆವು. ಎತ್ತಿ ನೀರಿಗೆ ಬಿಡಬಾರದು, ಅವು ನಡೆದೇ ಹೋಗಬೇಕು ಎಂದು ಮಾವ ಹೇಳಿದ್ದರು. ಅರವತ್ತೆರಡು ಮರಿ ಎಣಿಸಿದೆ. ಉಳಿದವು ಎಲ್ಲಿ ಹೋದವೋ ತಿಳಿಯದು.

ನಮ್ಮ ದೇಶದಲ್ಲಿ ಕಾನೂನು ಇಲ್ಲವೆಂದಲ್ಲ. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯಲ್ಲೂ 2019ರದ್ದರಲ್ಲೂ ಮರಳುದಿಬ್ಬ ಮತ್ತು ಆಮೆ ಮೊಟ್ಟೆಯಿಡುವ ತಾಣ ಎರಡೂ ಅತಿ ಸೂಕ್ಷ್ಮ ವರ್ಗದಲ್ಲಿವೆ. ಕಡಲಾಮೆ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಆದರೆ ಭಾನುವಾರ ಬೆಳಗ್ಗೆ ಐದು ಗಂಟೆಗೆ ರಸ್ತೆಯ ಕೊನೆಯಲ್ಲಿ ಅಧಿಸೂಚನೆ ನಿಂತಿರುವುದಿಲ್ಲ. ಓಷಿಯಾನೊದಲ್ಲಿ ಕಡೇಪಕ್ಷ ಜಗಳವಾಡಲು ಒಂದು ಬೇಲಿಯಿದೆ, ದಿನಕ್ಕಿಷ್ಟು ಗಾಡಿ ಎಂಬ ಅಂಕಿಯಿದೆ, ಧೂಳು ಅಳೆಯುವ ಡಬ್ಬಿಯಿದೆ. ನಮ್ಮಲ್ಲಿ ಇದಾವುದೂ ಇಲ್ಲ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಮನಿಸಿ. “ಬೀಚಿನಲ್ಲಿ ವಾಹನ ನಿಷೇಧ” ಎಂದು ಒಂದು ಸಾಲಿನ ಫಲಕ ಹಾಕಿದರೆ ಮೊದಲು ಸಿಕ್ಕಿಬೀಳುವವರು ನಮ್ಮವರು. ದೋಣಿ ಮೇಲೆಳೆಯಲು ಟ್ರ್ಯಾಕ್ಟರ್ ಬೇಕು, ಮೀನು ಸಾಗಿಸಲು ಟೆಂಪೊ ಬೇಕು. ಅವು ತಲೆಮಾರುಗಳಿಂದ ಒಂದೇ ದಾರಿಯಲ್ಲಿ ಇಳಿದು ಒಂದೇ ದಾರಿಯಲ್ಲಿ ಹತ್ತುತ್ತವೆ, ದಿಬ್ಬದ ಮೇಲೆ ಅಡ್ಡಾದಿಡ್ಡಿ ಓಡುವುದಿಲ್ಲ. ನಿಯಮ ಬರೆಯುವವರು ಹೊಟ್ಟೆಪಾಡಿನ ಗಾಡಿಯನ್ನೂ ಮೋಜಿನ ಗಾಡಿಯನ್ನೂ ಬೇರೆ ಬೇರೆಯಾಗಿ ಬರೆಯಬೇಕು.

ಗಾಳಿಯ ಮೇಷ್ಟ್ರು

ಹೊಯಿಗೆದಡ ಅವರೇ, ನಿಮ್ಮ ಕೊನೆಯ ಮಾತಿಗೆ ಒಂದು ಉದಾಹರಣೆ. ದಕ್ಷಿಣ ಆಫ್ರಿಕಾ 2001ರ ಡಿಸೆಂಬರ್‌ನಲ್ಲಿ ನಿಯಮ ತಂದು ದೇಶದ ಕರಾವಳಿಯಲ್ಲಿ ಮೋಜಿನ ವಾಹನ ಓಡಾಟವನ್ನು ಸಾಮಾನ್ಯವಾಗಿ ನಿಷೇಧಿಸಿತು. ದೋಣಿ ಇಳಿಸಲು ನಿಗದಿ ಜಾಗಗಳು, ಕೆಲವರಿಗೆ ಪರವಾನಗಿ ಎಂದು ಬಾಗಿಲುಗಳನ್ನೂ ಇಟ್ಟಿತು. ಆಮೇಲೆ ಮರಳಿನಲ್ಲಿ ಗೂಡು ಮಾಡುವ ಕಪ್ಪು ಆಯಿಸ್ಟರ್‌ಕ್ಯಾಚರ್‌ನಂಥ ಹಕ್ಕಿಗಳು ಚೇತರಿಸಿಕೊಂಡದ್ದನ್ನು ಅಲ್ಲಿನವರು ದಾಖಲಿಸಿದ್ದಾರೆ.

ಕೆರೊಲಿನಾ ಕನ್ನಡಿಗ

ನಮ್ಮ ಕಡೆ, ಉತ್ತರ ಕೆರೊಲಿನಾದ ಕೇಪ್ ಹ್ಯಾಟರಸ್ ಕಡಲತೀರದಲ್ಲಿ ಇನ್ನೊಂದು ಬಗೆ. 2012ರಿಂದ ಬೀಚಿಗೆ ಗಾಡಿ ಇಳಿಸಲು ಹಣ ಕೊಟ್ಟು ಪರವಾನಗಿ ಪಡೆಯಬೇಕು, ಅದಕ್ಕೆ ಮೊದಲು ನಿಯಮಗಳನ್ನು ಓದಿ ತಿಳಿದು ಒಪ್ಪಿಕೊಳ್ಳಬೇಕು. ಬೀಚನ್ನು ತುಂಡುತುಂಡಾಗಿ ವಿಂಗಡಿಸಿದ್ದಾರೆ: ವರ್ಷವಿಡೀ ಗಾಡಿ, ಕೆಲವು ತಿಂಗಳು ಗಾಡಿ, ಎಂದೂ ಗಾಡಿ ಇಲ್ಲ. ಆಮೆಯ ಋತುವಿನಲ್ಲಿ ರಾತ್ರಿ ಓಡಾಟ ಬಂದ್. ಆರಂಭದಲ್ಲಿ ಮೀನು ಹಿಡಿಯುವವರು, ಬಾಡಿಗೆ ಮನೆಯವರು ಬಹಳ ಕೂಗಾಡಿದರು, ಸುಳ್ಳು ಹೇಳುವುದಿಲ್ಲ, ನಾನೂ ಅವರ ಜೊತೆಗಿದ್ದೆ. 2019ರಲ್ಲಿ ಆ ತೀರದಲ್ಲಿ 473 ಆಮೆ ಗೂಡು ಸಿಕ್ಕವು, ಅಲ್ಲಿಯ ತನಕ ಅಷ್ಟು ಯಾವತ್ತೂ ಎಣಿಸಿರಲಿಲ್ಲ. ಆ ವರ್ಷ ಆಗ್ನೇಯ ಕರಾವಳಿಯ ಬೇರೆ ಕಡೆಗಳಲ್ಲೂ ಆಮೆಗಳು ಹೆಚ್ಚಾಗಿದ್ದವು, ಹಾಗಾಗಿ ಎಲ್ಲವನ್ನೂ ಪರವಾನಗಿಯ ಖಾತೆಗೆ ಬರೆಯಲಾರೆ. ಆದರೆ ರಾತ್ರಿ ಬೀಚು ಕತ್ತಲಾಗಿತ್ತು, ಮರಳು ಮಟ್ಟವಾಗಿತ್ತು. ಅದರಿಂದ ಆಮೆಗೆ ನಷ್ಟವಂತೂ ಇಲ್ಲ.

ಮರಳುಚಕ್ರ

ಹೊಯಿಗೆದಡ ಅವರ ಬರಹವನ್ನು ನಿನ್ನೆ ರಾತ್ರಿ ಮನೆಯವರಿಗೆಲ್ಲ ಓದಿ ಹೇಳಿದೆ.

ನನ್ನ ನಿಲುವು ಪೂರ್ತಿ ಬದಲಾಗಿದೆ ಎಂದು ಹೇಳಿದರೆ ಅದು ನಾಟಕವಾಗುತ್ತದೆ. ಓಷಿಯಾನೊದಲ್ಲಿ ಸವಾರಿಗೆ ಜಾಗ ಉಳಿಯಬೇಕೆಂದೇ ಈಗಲೂ ಹೇಳುತ್ತೇನೆ. ಆದರೆ ಮೂರು ವಿಷಯ ಬಿಟ್ಟುಕೊಡುತ್ತೇನೆ. ದಕ್ಷಿಣದ ಹಕ್ಕಿ ಬೇಲಿ ವರ್ಷವಿಡೀ ಇರಲಿ, ಋತುವಿಗೊಮ್ಮೆ ತೆಗೆದು ಹಾಕುವ ಆಟ ಬೇಡ. ಮುಂದಿನ ದಿಬ್ಬ ಎದ್ದಲ್ಲಿ ಅದನ್ನು ಮುಟ್ಟದೆ ಡೇರೆಗಳು ಹಿಂದೆ ಸರಿಯಲಿ. ಜೋರು ಗಾಳಿಯ ಮುನ್ಸೂಚನೆ ಇರುವ ವಸಂತದ ಮಧ್ಯಾಹ್ನಗಳಲ್ಲಿ ಸವಾರಿ ನಿಲ್ಲಿಸುವುದನ್ನೂ ಚರ್ಚಿಸೋಣ.

ಗಾಳಿಯ ಮೇಷ್ಟ್ರು

ಮೂರನೆಯದರಿಂದ ಧೂಳು ಅಷ್ಟೇನೂ ಇಳಿಯದು. ಆ ದಿನ ಗಾಡಿ ನಿಂತರೂ ನೆಲ ಹಿಂದಿನ ದಿನವೇ ಸಡಿಲವಾಗಿರುತ್ತದೆ. ಮೊದಲೆರಡಕ್ಕೆ ಗಟ್ಟಿಯಾಗಿ ಅಂಟಿಕೊಳ್ಳಿ. ಧೂಳು ಅತಿ ಹೆಚ್ಚು ಏಳುವ ದಿಬ್ಬಗಳು ಯಾವುವೆಂದು ಅಳತೆಯಿಂದ ಗೊತ್ತಿದೆ, ಅವನ್ನು ಶಾಶ್ವತವಾಗಿ ಬಿಟ್ಟುಕೊಡುವುದು ಮೂರನೆಯದಾಗಲಿ.

ನಿಪೋಮೊ ಮನೆಯವಳು

ಮರಳುಚಕ್ರ ಅವರೇ, ನೀವು ಇಷ್ಟು ಬರೆದದ್ದಕ್ಕೆ ಧನ್ಯವಾದ. ನನಗೆ ಸವಾರಿ ಪೂರ್ತಿ ನಿಲ್ಲಬೇಕೆಂಬ ಆಸೆಯೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಮುಂದಿನ ಸಾರ್ವಜನಿಕ ಸಭೆಯಲ್ಲಿ ಮೇಷ್ಟ್ರು ತಿದ್ದಿದ ಈ ಮೂರು ಅಂಶಗಳನ್ನು ನೀವು ಎದ್ದು ನಿಂತು ಹೇಳಿದರೆ ನಾನೂ ನಿಮ್ಮ ಹಿಂದೆಯೇ ಎದ್ದು ಅವನ್ನೇ ಹೇಳುತ್ತೇನೆ. ಸವಾರರ ಬಾಯಿಂದ ಬಂದ ಮಾತಿಗೆ ಅಲ್ಲಿ ತೂಕ ಬೇರೆ.

ಬೈಂದೂರಿನವ

ಎಲ್ಲರ ಬರಹಗಳನ್ನು ಮಗಳಿಗೆ ಓದಿ ಹೇಳಿದ್ದೇನೆ. ಹಕ್ಕಿಲೆಕ್ಕ ಅವರು ಹೇಳಿದ 2020ರ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

ನಮ್ಮ ಐದು ಕುಟುಂಬಗಳು ಕಳೆದ ಭಾನುವಾರ ಕುಳಿತು ಮಾತಾಡಿದೆವು. ಮೇ ತಿಂಗಳ ಶಿಬಿರ ಇನ್ನಿಲ್ಲ. ಹೋಗುವುದಾದರೆ ನವೆಂಬರ್, ಅದೂ ಉತ್ತರದ ಭಾಗದಲ್ಲೇ, ಮುಂದಿನ ದಿಬ್ಬದಿಂದ ದೂರ. ಇಬ್ಬರು ಒಪ್ಪಲಿಲ್ಲ, ಅವರು ಮೇ ತಿಂಗಳಲ್ಲೇ ಹೋಗುತ್ತಾರಂತೆ. ಸ್ನೇಹ ಕೆಡಿಸಿಕೊಳ್ಳಲಿಲ್ಲ, ಆದರೆ ಜೊತೆಗೆ ಹೋಗುವುದಿಲ್ಲ ಎಂದು ಹೇಳಿದೆ. ಈ ಮೇ ತಿಂಗಳಲ್ಲಿ ನಾನು ಮತ್ತು ಮಗಳು ದಕ್ಷಿಣದ ಓಸೊ ಫ್ಲಾಕೊ ಸರೋವರದ ಮರದ ಹಲಗೆ ದಾರಿಯಲ್ಲಿ ನಡೆದು ಕಡಲಿಗೆ ಹೋಗುತ್ತೇವೆ. ಅಜ್ಜ ಮತ್ತೆ ಬಂದರೆ ಏನು ಮಾಡುವುದೆಂಬ ಪ್ರಶ್ನೆಗೆ ಇನ್ನೂ ಉತ್ತರವಿಲ್ಲ. ಗಟ್ಟಿ ಮರಳಿನ ಅಂಚಿನಲ್ಲಿ ನಿಧಾನವಾಗಿ ಹೋಗುವ ಕಾರಿಗೂ ದಿಬ್ಬ ಹತ್ತುವ ಬೈಕಿಗೂ ನಿಯಮದಲ್ಲಿ ವ್ಯತ್ಯಾಸ ಇರಬೇಕೆಂದು ಆ ಸಭೆಯಲ್ಲಿ ನಾನೂ ಕೇಳಲಿದ್ದೇನೆ.

ಹೊಯಿಗೆದಡ ಅವರೇ, ನಿಮ್ಮ ರಸ್ತೆಯ ಕೊನೆಯಲ್ಲಿ ಏನಾದರೂ ಮಾಡಲು ಸಾಧ್ಯವೇ? ಬೈಂದೂರಿನಲ್ಲಿ ನನ್ನ ತಮ್ಮನಿದ್ದಾನೆ, ಕೈಜೋಡಿಸುತ್ತಾನೆ.

ಹೊಯಿಗೆದಡ

ತಮ್ಮನಿಗೆ ಬರಲು ಹೇಳಿ. ಪಂಚಾಯಿತಿಗೆ ಅರ್ಜಿ ಕೊಟ್ಟು ಆರು ತಿಂಗಳಾಯಿತು, ಮೊನ್ನೆ ಅನುಮತಿ ಸಿಕ್ಕಿತು. ರಸ್ತೆಯ ಕೊನೆಯಲ್ಲಿ ಎರಡು ಕಲ್ಲುಕಂಬ ನೆಟ್ಟು ನಡುವೆ ಅಡ್ಡಲಾಗಿ ಬಿದಿರಿನ ಗಳು ಹಾಕಿದ್ದೇವೆ. ಕೈರಂಪಣಿಯವರು, ದೋಣಿಯವರು ಬಂದರೆ ಗಳು ಸರಿಸಿ ಒಳಗೆ ಬಿಡುವುದು, ಅದರ ಹಗ್ಗ ಮಾವನ ಮನೆಯ ಜಗುಲಿಯಲ್ಲಿದೆ. ಜೀಪು ಹತ್ತಿ ಆಗಿದ್ದ ಗಂಡಿಗೆ ತೆಂಗಿನ ಗರಿ ಅಡ್ಡ ಹೂತು, ಪಕ್ಕದ ದಿಬ್ಬದಿಂದ ಅಡುಂಬು ಬಳ್ಳಿಯ ತುಂಡು ತಂದು ನೆಟ್ಟಿದ್ದೇವೆ. ಹದಿನೆಂಟು ತುಂಡಿನಲ್ಲಿ ಹನ್ನೊಂದು ಚಿಗುರಿವೆ. ಗರಿಯ ಹಿಂದೆ ಈಗಾಗಲೇ ಎರಡು ಬೆರಳಷ್ಟು ಹೊಯಿಗೆ ಕೂತಿದೆ.